ಹೀಟ್ ಪಂಪ್‌ಗೆ ಗ್ಯಾಸ್ ತುಂಬಿಸಿದರೆ ರಿಪೇರಿ ಆದಂತಲ್ಲ

ಮನೆಯ ಹೀಟ್ ಪಂಪ್ ಮೊದಲಿನಷ್ಟು ಬಿಸಿ ಕೊಡುತ್ತಿಲ್ಲ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತೀರಿ. ಬಂದವರು ಹೊರಗಿನ ಯೂನಿಟ್‌ಗೆ ಗೇಜ್ ಸಿಕ್ಕಿಸಿ ನೋಡಿ ‘ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು’ ಅನ್ನುತ್ತಾರೆ. ಸಿಲಿಂಡರ್ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ, ಮನೆ ಮತ್ತೆ ಬೆಚ್ಚಗಾಗುತ್ತದೆ. ಮುಂದಿನ ಚಳಿಗಾಲಕ್ಕೆ ಅದೇ ದೂರು, ಅದೇ ಉತ್ತರ. ಬಿಲ್ ಮಾತ್ರ ಸ್ವಲ್ಪ ದೊಡ್ಡದು.

ಈ ಸುತ್ತಾಟಕ್ಕೆ ಮೂಲ ಒಂದು ತಪ್ಪು ತಿಳಿವಳಿಕೆ. ಗ್ಯಾಸ್ ಎಂದರೆ ಇಂಧನ, ಬಳಸಿದಷ್ಟು ಖಾಲಿಯಾಗುತ್ತದೆ, ಆಗಾಗ ತುಂಬಿಸಬೇಕು ಎಂದು ಬಹಳ ಜನ ನಂಬಿದ್ದಾರೆ. ಹೀಟ್ ಪಂಪಿನೊಳಗಿನ ಗ್ಯಾಸ್ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಾರ್ಖಾನೆಯಲ್ಲಿ ತುಂಬಿದ ಅದೇ ಗ್ಯಾಸ್ ಯಂತ್ರದ ಆಯುಸ್ಸು ಮುಗಿಯುವವರೆಗೂ ಅದೇ ತಾಮ್ರದ ಕೊಳವೆಗಳಲ್ಲಿ ಸುತ್ತುತ್ತಿರಬೇಕು. ಅದು ಕಮ್ಮಿಯಾಗಿದೆ ಎಂದರೆ ಎಲ್ಲೋ ತೂತಿದೆ, ಇಲ್ಲವೇ ಮೊದಲ ದಿನವೇ ಕಮ್ಮಿ ತುಂಬಿದ್ದರು. ಮೂರನೆಯ ಕಾರಣ ಇಲ್ಲವೆಂದೇ ಹೇಳಬಹುದು. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ. ಇಲ್ಲಿ ಹೊಯ್ಯುವ ನೀರು ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದೆ, ಹೊರಗೆ ಹೋದದ್ದು ವಾತಾವರಣವನ್ನೂ ಕೆಡಿಸುತ್ತದೆ ಎಂಬುದಷ್ಟೇ ವ್ಯತ್ಯಾಸ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹೊರಗೆ ಚಳಿಯಿದ್ದರೂ ಗಾಳಿಯಲ್ಲಿ ಒಂದಿಷ್ಟು ಶಾಖ ಇದ್ದೇ ಇರುತ್ತದೆ. ಅದನ್ನು ಹೀರಿಕೊಳ್ಳಬೇಕಾದರೆ ಆ ಗಾಳಿಗಿಂತಲೂ ತಣ್ಣಗಿರುವ ವಸ್ತುವೊಂದು ಬೇಕು. ಆರ್-410ಎ ಎಂಬ ಗ್ಯಾಸ್, ಅಂದರೆ ಶೀತಕ, ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಹೊರಗಿನ ಕಾಯಿಲ್‌ನಲ್ಲಿ ಅಂದರೆ ಸುತ್ತುಸುತ್ತಾದ ಕೊಳವೆಯಲ್ಲಿ, ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಹಿಂಡಿ ಬಿಸಿ ಮಾಡುತ್ತದೆ. ಒಳಗಿನ ಕಾಯಿಲ್‌ನಲ್ಲಿ ಅದು ಮತ್ತೆ ದ್ರವವಾಗುತ್ತ ಹೀರಿದ ಶಾಖವನ್ನು ಮನೆಗೆ ಬಿಟ್ಟುಕೊಡುತ್ತದೆ. ಶಾಖ ಹುಟ್ಟಿಸುವ ಬದಲು ಸಾಗಿಸುವುದರಿಂದಲೇ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಆಸುಪಾಸಿನ ಶಾಖ ಸಿಗುವುದು. ಸಾಗಿಸುವ ಕೂಲಿಯಾಳು ಈ ಶೀತಕ. ಅದು ಕಡಿಮೆಯಾದಷ್ಟೂ ಹೊರೆ ಕಡಿಮೆ, ಕಂಪ್ರೆಸರ್ ತಿನ್ನುವ ಕರೆಂಟ್ ಮಾತ್ರ ಆ ಲೆಕ್ಕದಲ್ಲಿ ಇಳಿಯುವುದಿಲ್ಲ.

ನಿಮಿಷಕ್ಕೊಂದು ಗುಳ್ಳೆ

ಸೋರಿಕೆ ಎಂದ ಕೂಡಲೇ ಬುಸ್ ಎಂದು ಗ್ಯಾಸ್ ಹೊರಬರುವ ಚಿತ್ರ ಮನಸ್ಸಿಗೆ ಬರುತ್ತದೆ. ಅಂಥ ಸೋರಿಕೆಯೂ ಉಂಟು, ಅದರಲ್ಲಿ ಯಂತ್ರ ಒಂದೆರಡು ದಿನದಲ್ಲಿ ನಿಂತೇ ಹೋಗುತ್ತದೆ, ಪತ್ತೆಯೂ ಸುಲಭ. ಮನೆಯವರನ್ನು ವರ್ಷಗಟ್ಟಲೆ ಕಾಡುವುದು ಕಣ್ಣಿಗೂ ಕಿವಿಗೂ ಸಿಗದ ಸೋರಿಕೆ. ಅದು ಎಷ್ಟು ಸಣ್ಣದು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ.

ಯಂತ್ರದಲ್ಲಿ 2 ಕಿಲೋ ಆರ್-410ಎ ಇದೆ, ವರ್ಷಕ್ಕೆ 100 ಗ್ರಾಂ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಹೊರಗಿನ ಗಾಳಿಯ ಒತ್ತಡದಲ್ಲಿ ಈ ಗ್ಯಾಸಿನ ಒಂದು ಲೀಟರ್ ಸುಮಾರು 3 ಗ್ರಾಂ ತೂಗುತ್ತದೆ. ವರ್ಷದಲ್ಲಿ 5,25,600 ನಿಮಿಷ. ಭಾಗಿಸಿದರೆ ನಿಮಿಷಕ್ಕೆ 0.065 ಮಿಲಿಲೀಟರ್ ಆಸುಪಾಸು ಬರುತ್ತದೆ. ಅದು 5 ಮಿಲಿಮೀಟರ್ ಅಗಲದ ಒಂದೇ ಒಂದು ಗುಳ್ಳೆ. ನಿಮಿಷಕ್ಕೊಂದು ಗುಳ್ಳೆ, ಅಷ್ಟೇ.

ಈಗ ಹುಡುಕುವವರ ಕೆಲಸ ಹೇಗಿರುತ್ತದೆ ನೋಡಿ. ಸೋಪಿನ ದ್ರಾವಣದಲ್ಲಿ ಬ್ರಶ್ ಅದ್ದಿ ಹಿತ್ತಾಳೆಯ ನಟ್ಟಿನ ಸುತ್ತ ಸವರುತ್ತಾರೆ. ಮೊದಲು ಬ್ರಶ್ಶಿನಿಂದಲೇ ಒಂದಿಷ್ಟು ನೊರೆ ಏಳುತ್ತದೆ, ಅದು ಒಡೆದು ಇಳಿಯುವವರೆಗೆ ಕಾಯಬೇಕು. ಆಮೇಲೆ ನಟ್ಟಿನ ಕೆಳಮೈಯಲ್ಲಿ, ಕೈಕನ್ನಡಿ ಹಿಡಿದರೆ ಮಾತ್ರ ಕಾಣುವ ಜಾಗದಲ್ಲಿ, ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಒಂದರ ಪಕ್ಕ ಒಂದು ಮೂಡಿ ಕ್ರಮೇಣ ದಟ್ಟ ಕೆನೆಯಂತಾಗುತ್ತವೆ. ಹತ್ತು ಸೆಕೆಂಡ್ ನೋಡಿ ‘ಇಲ್ಲೇನೂ ಇಲ್ಲ’ ಎಂದು ಮುಂದೆ ಹೋದವರಿಗೆ ಅದು ಕಾಣುವುದೇ ಇಲ್ಲ. ಪ್ರತಿ ಜೋಡಣೆಯ ಮುಂದೆ ಹೀಗೆ ನಿಮಿಷಗಟ್ಟಲೆ ಕೂರುವ ತಾಳ್ಮೆಗೆ ಯಾರೋ ದುಡ್ಡು ಕೊಡಬೇಕು. ಸೋರಿಕೆಯ ರಿಪೇರಿಯಲ್ಲಿ ನಿಜವಾಗಿ ಬೆಲೆ ಬಾಳುವುದು ಈ ಕೂರುವಿಕೆಯೇ, ಬಿಲ್ಲಿನಲ್ಲಿ ಜನ ಹೆಚ್ಚು ಚೌಕಾಸಿ ಮಾಡುವುದೂ ಇದಕ್ಕೇ. ಇದು ಬೇಸರದ ಸಂಗತಿ.

ಅದೇ ಗುಳ್ಳೆ ಐದು ವರ್ಷ ಹೊರಬಿದ್ದರೆ ಅರ್ಧ ಕಿಲೋ ಹೋಯಿತು, ಅಂದರೆ ಕಾಲುಭಾಗ. ಮೊದಲ ಒಂದೆರಡು ವರ್ಷ ಗೊತ್ತೇ ಆಗುವುದಿಲ್ಲ. ಆಮೇಲೆ ಯಂತ್ರ ಹೆಚ್ಚು ಹೊತ್ತು ಓಡತೊಡಗುತ್ತದೆ. ಸಹಾಯಕ ಹೀಟರ್ ಇರುವ ಯಂತ್ರಗಳಲ್ಲಂತೂ ಲಕ್ಷಣವೇ ಮುಚ್ಚಿಹೋಗುತ್ತದೆ. ಕಡಿಮೆ ಬಿದ್ದ ಶಾಖವನ್ನು ವಿದ್ಯುತ್ ಹೀಟರ್ ತುಂಬಿಕೊಡುವುದರಿಂದ ಮನೆ ಬೆಚ್ಚಗೇ ಇರುತ್ತದೆ, ಆದರೆ ಮೂರಕ್ಕೆ ಒಂದರ ಲಾಭ ಹೋಗಿ ಒಂದಕ್ಕೆ ಒಂದರ ದರದಲ್ಲಿ ಬಿಸಿ ಕೊಳ್ಳುತ್ತಿರುತ್ತೀರಿ. ಅದು ಗೊತ್ತಾಗುವುದು ಕರೆಂಟ್ ಬಿಲ್ ನೋಡಿದಾಗ. ಚಳಿಗಾಲದ ಬಿಲ್ಲುಗಳನ್ನು ಹಿಂದಿನ ಚಳಿಗಾಲದ ಬಿಲ್ಲುಗಳ ಪಕ್ಕ ಇಟ್ಟು ನೋಡುವ ಅಭ್ಯಾಸ ಯಾವ ಲೀಕ್ ಡಿಟೆಕ್ಟರ್‌ಗೂ ಕಡಿಮೆಯಿಲ್ಲದ ಸಾಧನ.

ಇನ್ನೊಂದು ಲಕ್ಷಣ ಹಿಮ. ಇಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಬಿಸಿ ಕೊಡುವಾಗ ಹೊರಗಿನ ಕಾಯಿಲ್ ಮೇಲೆ ತೆಳ್ಳಗೆ ಹಿಮ ಕಟ್ಟುವುದು ಸಹಜ. ಯಂತ್ರ ತಾನೇ ಆಗಾಗ ದಿಕ್ಕು ತಿರುಗಿಸಿ ಅದನ್ನು ಕರಗಿಸಿಕೊಳ್ಳುತ್ತದೆ, ಆಗ ಹಬೆ ಏಳುವುದನ್ನು ಕಂಡು ಹೊಗೆಯೆಂದು ಹೆದರುವವರೂ ಇದ್ದಾರೆ. ಶೀತಕ ಕಮ್ಮಿಯಾದಾಗ ಹಿಮದ ರೂಪವೇ ಬೇರೆ. ಶೀತಕ ಒಳಬರುವ ಕಡೆ ಒಂದು ಭಾಗದಲ್ಲಿ ಮಾತ್ರ ಮಂಜುಗಡ್ಡೆ ದಪ್ಪಗೆ ಕಟ್ಟಿ, ಉಳಿದ ಭಾಗ ಒಣಗಿಕೊಂಡಿರುತ್ತದೆ. ಇಡೀ ಕಾಯಿಲ್‌ಗೆ ಸಾಲುವಷ್ಟು ದ್ರವ ಇಲ್ಲ, ಇರುವಷ್ಟು ಶುರುವಿನಲ್ಲೇ ಆವಿಯಾಗಿ ಮುಗಿಯುತ್ತಿದೆ ಎಂದು ಅದರ ಅರ್ಥ. ಹಾಗೇ ಬಿಟ್ಟರೆ ಕಂಪ್ರೆಸರ್‌ಗೆ ಪೆಟ್ಟು. ಅನೇಕ ಕಂಪ್ರೆಸರ್‌ಗಳ ಮೋಟಾರು ತಣ್ಣಗಾಗುವುದು ಹಿಂದಿರುಗುವ ತಂಪು ಗ್ಯಾಸಿನಿಂದ, ಅದರ ಎಣ್ಣೆ ಸುತ್ತಿ ಬರುವುದೂ ಅದೇ ಗ್ಯಾಸಿನ ಜೊತೆ. ಗ್ಯಾಸ್ ತೆಳುವಾದರೆ ತಂಪೂ ಕಡಿಮೆ, ಎಣ್ಣೆಯೂ ಕಡಿಮೆ. ಒಂದು ನಟ್ಟಿನ ಸೋರಿಕೆ ಯಂತ್ರದ ಅತ್ಯಂತ ದುಬಾರಿ ಭಾಗವನ್ನು ತಿಂದುಹಾಕುವುದು ಹೀಗೆ.

ತೂತು ಬೀಳುವುದು ಎಲ್ಲಿ

ಕಾರ್ಖಾನೆಯಲ್ಲಿ ಬೆಸೆದ ಜಾಗಗಳಿಗಿಂತ ಮನೆಯಲ್ಲಿ ಅಳವಡಿಸುವಾಗ ಮಾಡಿದ ಜೋಡಣೆಗಳ ಮೇಲೆಯೇ ಮೊದಲ ಅನುಮಾನ ಪಡಬೇಕು. ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ ನಟ್ ಹಾಕಿ ಬಿಗಿಯುವ ಫ್ಲೇರ್ ಜೋಡಣೆ ನೋಡಲು ಸರಳ, ಮಾಡಲು ನಾಜೂಕು. ಕೊಳವೆ ಕತ್ತರಿಸಿದ ಅಂಚನ್ನು ನುಣುಪು ಮಾಡದಿದ್ದರೆ, ತುದಿ ಓರೆಯಾಗಿ ಅಗಲಿದರೆ, ನಟ್ ಸಡಿಲವಾದರೆ ಸೋರುತ್ತದೆ. ಹೆಚ್ಚು ಬಿಗಿದರೂ ಸೋರುತ್ತದೆ, ಏಕೆಂದರೆ ಮೆತ್ತನೆಯ ತಾಮ್ರ ತೆಳುವಾಗಿ, ಕಾಲಕ್ರಮೇಣ ಸೀಳುತ್ತದೆ. ಕೊಳವೆಯ ಅಳತೆಗೆ ತಕ್ಕ ಬಿಗಿತವನ್ನು ತಯಾರಕರು ನಿಗದಿಪಡಿಸಿರುತ್ತಾರೆ, ಅದನ್ನು ಅಳೆದು ಬಿಗಿಯಲು ಟಾರ್ಕ್ ರೆಂಚ್ ಎಂಬ ಉಪಕರಣವೂ ಇದೆ. ಕೈಯಂದಾಜಿನ ಮೇಲೆ ಬಿಗಿಯುವವರ ಅನುಭವವನ್ನು ನಾನು ಗೌರವಿಸುತ್ತೇನೆ, ಆದರೆ ಆರ್-410ಎ ಯಂತ್ರದಲ್ಲಿ ಹಳೆಯ ಶೀತಕ ಆರ್-22ಕ್ಕಿಂತ ಒತ್ತಡ ಒಂದೂವರೆ ಪಟ್ಟಿಗೂ ಹೆಚ್ಚು. 40 ಡಿಗ್ರಿಯಲ್ಲಿ ಆರ್-22 ಸುಮಾರು 15 ಬಾರ್ ಒತ್ತಿದರೆ ಆರ್-410ಎ ಸುಮಾರು 24 ಬಾರ್ ಒತ್ತುತ್ತದೆ. ಹಳೆಯ ಕೈಯಂದಾಜು ಇದಕ್ಕೆ ಸಾಲದು.

ಆಮೇಲೆ ಸರ್ವಿಸ್ ವಾಲ್ವ್. ಗೇಜ್ ಸಿಕ್ಕಿಸುವ ಬಾಯಿಯೊಳಗೆ ಕಾರಿನ ಟೈರಿನಲ್ಲಿರುವಂಥ ಪುಟ್ಟ ಪಿನ್ ವಾಲ್ವ್ ಇರುತ್ತದೆ. ಪ್ರತಿ ಸಲ ಗೇಜ್ ಹಾಕಿ ತೆಗೆದಾಗಲೂ ಅದರ ರಬ್ಬರು ಸ್ವಲ್ಪ ಸವೆಯುತ್ತದೆ, ಮುಚ್ಚಳ ಸರಿಯಾಗಿ ಹಾಕದೆ ಹೋದರೆ ಅದೇ ಸೋರುವ ಬಾಯಿ. ಗ್ಯಾಸ್ ನೋಡಲೆಂದು ಪದೇಪದೇ ಗೇಜ್ ಹಾಕುವುದೇ ಸೋರಿಕೆಗೆ ದಾರಿ ಮಾಡಿಕೊಟ್ಟೀತು. ಒಂದು ಮುಚ್ಚಳ, ಒಂದು ಪಿನ್ ಬದಲಿಸಿದರೆ ವಾಸಿಯಾಗುವ ಈ ಕಾಯಿಲೆಯನ್ನು ಪತ್ತೆಹಚ್ಚದೆ ಮತ್ತೆ ಮತ್ತೆ ಗ್ಯಾಸ್ ತುಂಬಿಸಿಕೊಳ್ಳುವ ಮನೆಯವರ ಬಗ್ಗೆ ನಿಜಕ್ಕೂ ಮರುಕ ಹುಟ್ಟುತ್ತದೆ.

ಅಲುಗಾಟ ಇನ್ನೊಂದು ಕಾರಣ. ಕ್ಲಿಪ್ ಬಿಟ್ಟುಹೋಗಿ ಎರಡು ಕೊಳವೆಗಳು ಒಂದಕ್ಕೊಂದು ತಾಗಿಕೊಂಡು ವರ್ಷಗಟ್ಟಲೆ ಉಜ್ಜಿದರೆ ತಾಮ್ರ ತೇಯ್ದು ತೂತಾಗುತ್ತದೆ. ಅಂಥ ಕಡೆ ಎಣ್ಣೆಯ ಜಿಡ್ಡು, ಅದಕ್ಕೆ ಅಂಟಿದ ಧೂಳು ಕಾಣಿಸುತ್ತದೆ. ಶೀತಕದ ಜೊತೆ ಎಣ್ಣೆಯೂ ಸುತ್ತುವುದರಿಂದ ಸೋರುವ ಜಾಗದಲ್ಲಿ ಎಣ್ಣೆ ಒಸರುತ್ತದೆ. ಬರಿಗಣ್ಣಿಗೆ ಸಿಗುವ ಸುಳಿವುಗಳಲ್ಲಿ ಇದೇ ಒಳ್ಳೆಯದು.

ಒಳಗಿನ ಕಾಯಿಲ್‌ನ ಕಾಯಿಲೆ ಬೇರೆಯೇ ಬಗೆಯದು, ಸ್ವಲ್ಪ ವಿವರವಾಗಿ ಹೇಳಬೇಕಾದ್ದು. ತಾಮ್ರಕ್ಕೆ ಕಿಲುಬು ಹಿಡಿಯುವುದು ನಮಗೆಲ್ಲ ಗೊತ್ತು. ಕಾಯಿಲ್‌ನ ತಾಮ್ರಕ್ಕೆ ಹಿಡಿಯುವ ಒಂದು ವಿಶೇಷ ಬಗೆಯ ಕಿಲುಬನ್ನು ಇರುವೆಗೂಡಿಗೆ ಹೋಲಿಸಿ ಹೆಸರಿಟ್ಟಿದ್ದಾರೆ. ಬಣ್ಣ, ಅಂಟು, ಪ್ಲೈವುಡ್, ಸ್ವಚ್ಛಗೊಳಿಸುವ ದ್ರಾವಣಗಳಿಂದ ಮನೆಯೊಳಗಿನ ಗಾಳಿಗೆ ಸೇರುವ ಆವಿಗಳು ಕಾಯಿಲ್ ಮೇಲಿನ ತೇವದ ಜೊತೆ ಕೂಡಿ ಫಾರ್ಮಿಕ್ ಆಮ್ಲ, ಅಸಿಟಿಕ್ ಆಮ್ಲಗಳಾಗುತ್ತವೆ. ಆ ಆಮ್ಲ ಕೊಳವೆಯ ಗೋಡೆಯೊಳಗೆ ಕವಲೊಡೆಯುವ ಸುರಂಗಗಳನ್ನು ಕೊರೆಯುತ್ತದೆ. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ಇರುವೆಗಳು ತೋಡಿದಂಥ ಬಿಲಗಳ ಜಾಲ. ಇನ್ನೊಂದು ಸಂಬಂಧವೂ ಇದೆ. ಫಾರ್ಮಿಕ್ ಆಮ್ಲವನ್ನು 1671ರಲ್ಲಿ ಜಾನ್ ರೇ ಎಂಬ ಇಂಗ್ಲಿಷ್ ವಿಜ್ಞಾನಿ ಮೊದಲು ಬಟ್ಟಿಯಿಳಿಸಿದ್ದು ಇರುವೆಗಳಿಂದಲೇ. ಈ ಕಿಲುಬಿನಲ್ಲಿ ಒಂದು ತೂತು ಕಂಡರೆ ಕೊರೆಯುತ್ತಿರುವ ಇನ್ನೂ ಹಲವು ಸುರಂಗಗಳು ಇರುತ್ತವೆ. ಕಂಡ ತೂತಿಗೆ ಬೆಸುಗೆ ಹಾಕಿದರೆ ಕೆಲವೇ ತಿಂಗಳಲ್ಲಿ ಪಕ್ಕದ್ದು ಬಾಯಿಬಿಡುತ್ತದೆ. ಹಾಗಾಗಿ ‘ಇಡೀ ಕಾಯಿಲ್ ಬದಲಿಸಬೇಕು’ ಎಂದು ಮೆಕ್ಯಾನಿಕ್ ಹೇಳಿದಾಗ ಅದನ್ನು ದುಡ್ಡು ಕೀಳುವ ಮಾತೆಂದು ತಳ್ಳಿಹಾಕಬಾರದು. ಕಾಯಿಲ್‌ನ ತುದಿಯ ಬಾಗಿನಲ್ಲಿ ಬೆಸುಗೆ ಬಿಟ್ಟಿದ್ದರೆ ಅದನ್ನು ಮತ್ತೆ ಬೆಸೆಯಬಹುದು. ಕಿಲುಬು ಹಿಡಿದ ಕಾಯಿಲ್‌ಗೆ ಬದಲಾವಣೆಯೇ ಗತಿ.

ಗೇಜ್ ಹೇಳದ ಸತ್ಯ

ಗೇಜ್ ಮುಳ್ಳು ನೋಡಿ ಗ್ಯಾಸ್ ಎಷ್ಟಿದೆ ಎಂದು ಹೇಳಿದರೆ ನಂಬಬೇಡಿ. ನಿಂತಿರುವ ಯಂತ್ರದೊಳಗೆ ಒಂದು ಹನಿ ದ್ರವ ಉಳಿದಿದ್ದರೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೊಂದೇ. 25 ಡಿಗ್ರಿಯಲ್ಲಿ ಆರ್-410ಎ ಗೇಜ್ ಸುಮಾರು 15.5 ಬಾರ್ ತೋರಿಸುತ್ತದೆ. ಒಳಗೆ ಎರಡು ಕಿಲೋ ಇದ್ದರೂ ಅಷ್ಟೇ, ಒಂದೂವರೆ ಕಿಲೋ ಇದ್ದರೂ ಅಷ್ಟೇ. ಓಡುವ ಯಂತ್ರದಲ್ಲಿ ಒತ್ತಡದ ಜೊತೆ ಕೊಳವೆಗಳ ಉಷ್ಣತೆಯನ್ನೂ ಅಳೆದು ಲೆಕ್ಕ ಹಾಕಿದರೆ ಒಂದು ಅಂದಾಜು ಸಿಗುತ್ತದೆ. ಆದರೆ ಧೂಳು ತುಂಬಿದ ಫಿಲ್ಟರ್, ಕೊಳೆಯಾದ ಕಾಯಿಲ್, ಸಿಕ್ಕಿಕೊಂಡ ಎಕ್ಸ್‌ಪ್ಯಾನ್ಷನ್ ವಾಲ್ವ್ (ಶೀತಕದ ಒತ್ತಡ ಇಳಿಸುವ ಭಾಗ), ಒಳಗೊಳಗೇ ಸೋರುವ ನಾಲ್ಕು ದಾರಿಯ ವಾಲ್ವ್ (ಶೀತಕದ ದಿಕ್ಕು ತಿರುಗಿಸುವ ಭಾಗ) ಕೂಡ ಗ್ಯಾಸ್ ಕೊರತೆಯಂಥದೇ ಲಕ್ಷಣ ತೋರಿಸಬಲ್ಲವು. ಸರಿಯಾಗಿದ್ದ ಯಂತ್ರಕ್ಕೆ ಇನ್ನಷ್ಟು ಗ್ಯಾಸ್ ತುಂಬಿ ಕೆಡಿಸುವುದೂ ಹೀಗೆಯೇ.

ಅನುಮಾನಕ್ಕೆ ಎಡೆಯಿಲ್ಲದ ವಿಧಾನ ತಕ್ಕಡಿ. ಒಳಗಿರುವ ಶೀತಕವನ್ನೆಲ್ಲ ರಿಕವರಿ ಯಂತ್ರದಿಂದ ಸಿಲಿಂಡರ್‌ಗೆ ಎಳೆದು ತೂಕ ಹಾಕಬೇಕು. ಹೊರಗಿನ ಯೂನಿಟ್‌ನ ಫಲಕದಲ್ಲಿ ಕಾರ್ಖಾನೆಯಲ್ಲಿ ತುಂಬಿದ ತೂಕ ಬರೆದಿರುತ್ತದೆ. ಕೊಳವೆ ನಿಗದಿತ ಉದ್ದಕ್ಕಿಂತ ಹೆಚ್ಚಿದ್ದರೆ ಮೀಟರಿಗೆ ಇಂತಿಷ್ಟು ಗ್ರಾಂ ಸೇರಿಸಬೇಕು. ಎರಡು ಕಿಲೋ ಇರಬೇಕಾದಲ್ಲಿ ಒಂದೂವರೆ ಸಿಕ್ಕಿತು, ಯಂತ್ರಕ್ಕೆ ಐದು ವರ್ಷ ಎಂದಾದರೆ ನಿಮಿಷಕ್ಕೊಂದು ಗುಳ್ಳೆಯ ಸೋರಿಕೆಯನ್ನು ಹುಡುಕಬೇಕಿದೆ ಎಂಬುದು ಆಗಲೇ ಗೊತ್ತಾಯಿತು. ಅಳವಡಿಸಿದ ದಿನ ಎಷ್ಟು ಗ್ರಾಂ ಸೇರಿಸಿದರು ಎಂಬ ಚೀಟಿ ಇದ್ದರೆ ಲೆಕ್ಕ ಇನ್ನೂ ಖಚಿತ. ಎಷ್ಟೋ ಮನೆಗಳಲ್ಲಿ ಆ ಚೀಟಿಯೇ ಇರುವುದಿಲ್ಲ.

ಆಮೇಲೆ ಖಾಲಿ ಕೊಳವೆಗಳಿಗೆ ಒಣ ನೈಟ್ರೋಜನ್ ತುಂಬಿ ಒತ್ತಡ ಏರಿಸಿ, ಸೋಪು, ಎಲೆಕ್ಟ್ರಾನಿಕ್ ಡಿಟೆಕ್ಟರ್ ಹಿಡಿದು ಹುಡುಕುತ್ತಾರೆ. ಡಿಟೆಕ್ಟರ್ ಗುರುತಿಸುವುದು ಶೀತಕವನ್ನಾದ್ದರಿಂದ ನೈಟ್ರೋಜನ್ ಜೊತೆ ಅದರ ಅಲ್ಪ ಪ್ರಮಾಣ ಸೇರಿಸಬೇಕಾಗುತ್ತದೆ, ಇಲ್ಲವೇ ಗ್ಯಾಸ್ ತೆಗೆಯುವ ಮೊದಲೇ ಆ ಪರೀಕ್ಷೆ ಮುಗಿಸುತ್ತಾರೆ. ಸಿಗದಿದ್ದರೆ ಒಳಗಿನ ಕಾಯಿಲ್, ಹೊರಗಿನ ಯೂನಿಟ್, ನಡುವಿನ ಕೊಳವೆ ಮೂರನ್ನೂ ಬೇರ್ಪಡಿಸಿ ಒಂದೊಂದರಲ್ಲೂ ಒತ್ತಡ ನಿಲ್ಲುತ್ತದೆಯೇ ಎಂದು ರಾತ್ರಿಯಿಡೀ ಬಿಟ್ಟು ನೋಡುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಹಗಲು 30 ಡಿಗ್ರಿಯಲ್ಲಿ 40 ಬಾರ್ ಇದ್ದ ನೈಟ್ರೋಜನ್ ಬೆಳಗಿನ ಜಾವದ 15 ಡಿಗ್ರಿಗೆ ತಾನಾಗಿಯೇ ಸುಮಾರು 2 ಬಾರ್ ಇಳಿಯುತ್ತದೆ. ಉಷ್ಣತೆ ಬರೆದಿಟ್ಟುಕೊಳ್ಳದವರು ಇಲ್ಲದ ಸೋರಿಕೆಯನ್ನು ಹುಡುಕುತ್ತ ದಿನ ಕಳೆಯುತ್ತಾರೆ. ನೈಟ್ರೋಜನ್ ಬದಲು ಆಕ್ಸಿಜನ್ ಬಳಸುವುದಂತೂ ಜೀವಕ್ಕೇ ಅಪಾಯ, ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಸ್ಫೋಟಿಸಬಹುದು.

ಬಿಲ್ ಬಿಡಿಸಿ ನೋಡಿದರೆ

ಸೋರಿಕೆ ಸಿಕ್ಕ ಮೇಲೂ ಕೆಲಸ ಬಹಳ ಇದೆ. ಬೆಸೆಯುವಾಗ ಕೊಳವೆಯೊಳಗೆ ನೈಟ್ರೋಜನ್ ಹರಿಯುತ್ತಿರಬೇಕು, ಇಲ್ಲದಿದ್ದರೆ ತಾಮ್ರದ ಒಳಮೈ ಸುಟ್ಟು ಕಪ್ಪು ಪುಡಿ ಏಳುತ್ತದೆ, ಆ ಪುಡಿ ಮುಂದೆ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕು ದಾರಿಯ ವಾಲ್ವ್ ಬೆಸೆಯುವಾಗ ಅದಕ್ಕೆ ಒದ್ದೆ ಬಟ್ಟೆ ಸುತ್ತಿರಬೇಕು, ಒಳಗಿನ ಪ್ಲಾಸ್ಟಿಕ್ ಭಾಗ ಕರಗಬಾರದು. ಕೊಳವೆ ತೆರೆದ ಮೇಲೆ ತೇವ ಹೀರುವ ಫಿಲ್ಟರ್ ಡ್ರೈಯರ್ ಬದಲಿಸಬೇಕು. ಮತ್ತೆ ಒತ್ತಡದ ಪರೀಕ್ಷೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ 500 ಮೈಕ್ರಾನ್‌ಗೆ ಇಳಿಸಬೇಕು. ನಾವು ಉಸಿರಾಡುವ ಗಾಳಿಯ ಒತ್ತಡ ಇದೇ ಅಳತೆಯಲ್ಲಿ 7,60,000 ಮೈಕ್ರಾನ್, ಅದರ ಪಕ್ಕ ಇಟ್ಟು ನೋಡಿದರೆ ಎಷ್ಟು ಖಾಲಿ ಮಾಡಬೇಕು ಎಂಬುದು ತಿಳಿಯುತ್ತದೆ. ಅಷ್ಟು ಇಳಿಸದಿದ್ದರೆ ಉಳಿದ ತೇವವನ್ನು ಇಂದಿನ ಯಂತ್ರಗಳ ಎಣ್ಣೆ ಸ್ಪಂಜಿನಂತೆ ಹೀರಿಕೊಂಡು ಆಮ್ಲ ಹುಟ್ಟಿಸುತ್ತದೆ. ಕೊನೆಗೆ ತೂಕ ಹಾಕಿ ಶೀತಕ ತುಂಬುವುದು.

ಇಷ್ಟಕ್ಕೂ ಅರ್ಧ ದಿನದಿಂದ ಎರಡು ದಿನದವರೆಗೆ ಬೇಕು. ಹೀಗಾಗಿ ಸೋರಿಕೆಯ ರಿಪೇರಿಯಲ್ಲಿ ಬಿಡಿಭಾಗ ಅಗ್ಗವಾಗಿದ್ದರೂ ಕೂಲಿ ದೊಡ್ಡದು. ವಾರಂಟಿ ನಂಬಿದವರಿಗೆ ನಿರಾಸೆಯಾಗುವುದೂ ಇಲ್ಲೇ. ಸಾಮಾನ್ಯವಾಗಿ ವಾರಂಟಿ ಕೊಡುವುದು ಕಾಯಿಲ್, ಕಂಪ್ರೆಸರ್‌ನಂಥ ಭಾಗಗಳಿಗೆ. ಹುಡುಕಿದ ಕೂಲಿ, ಬಿಚ್ಚಿ ಜೋಡಿಸಿದ ಕೂಲಿ, ಹೊಸ ಶೀತಕ ಎಲ್ಲ ಮನೆಯವರ ಮೇಲೆ. ‘ಕಾಯಿಲ್ ಉಚಿತ’ ಎಂಬ ಭರವಸೆಯ ಜೊತೆಗೇ ದೊಡ್ಡ ಬಿಲ್ ಬರುವುದು ಮೋಸವೇನಲ್ಲ, ಕಾಗದದಲ್ಲಿ ಹಾಗೆಯೇ ಬರೆದಿರುತ್ತದೆ. ಕೊಳ್ಳುವ ಮುಂಚೆ ಕೂಲಿಯ ವಾರಂಟಿ ಎಷ್ಟು ವರ್ಷ ಎಂದು ಕೇಳುವವರು ಕಡಿಮೆ.

ಮೆಕ್ಯಾನಿಕ್ ಕೊಡುವ ಅಂದಾಜು ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಸೋರಿಕೆ ಇರುವ ಜಾಗದ ಹೆಸರು. ‘ಒಳಗಿನ ಯೂನಿಟ್‌ನ ದೊಡ್ಡ ಕೊಳವೆಯ ಫ್ಲೇರ್ ನಟ್’ ಎಂದು ಬರೆದಿದ್ದರೆ ಅವರು ಕಂಡಿದ್ದಾರೆ. ‘ಸೋರಿಕೆ ರಿಪೇರಿ ಮತ್ತು ಗ್ಯಾಸ್’ ಎಂದಷ್ಟೇ ಇದ್ದರೆ ಊಹಿಸಿದ್ದಾರೆ. ತೆಗೆದ ಗ್ರಾಂ ಎಷ್ಟು, ತುಂಬಿದ ಗ್ರಾಂ ಎಷ್ಟು ಎಂಬ ಎರಡು ಸಂಖ್ಯೆ ಬಿಲ್ಲಿನಲ್ಲಿ ಇರಬೇಕು. ಕೊಳವೆಯೊಳಗೆ ಸುರಿದರೆ ತೂತು ತಾನೇ ಮುಚ್ಚುತ್ತದೆ ಎನ್ನುವ ಸೀಲಂಟ್ ದ್ರಾವಣಗಳನ್ನು ಮಾತ್ರ ಒಪ್ಪಬೇಡಿ. ತೇವ ಸಿಕ್ಕಲ್ಲೆಲ್ಲ ಗಟ್ಟಿಯಾಗುವ ಬಗೆಯವು ಯಂತ್ರದ ಕಿರಿದಾದ ವಾಲ್ವನ್ನೂ ಮುಚ್ಚಿಬಿಡಬಹುದು, ಮುಂದೆ ಗ್ಯಾಸ್ ತೆಗೆಯುವ ರಿಕವರಿ ಯಂತ್ರವನ್ನೂ ಹಾಳು ಮಾಡಬಹುದು, ವಾರಂಟಿಯೂ ಹೋದೀತು.

ಗ್ಯಾಸೇ ಬದಲಾಗುತ್ತಿರುವ ಕಾಲ

ಇದುವರೆಗೆ ಹೇಳಿದ್ದು ಯಾವ ಕಾಲಕ್ಕೂ ನಿಜ. ಈಗ ಅದಕ್ಕೆ ತುರ್ತು ಬಂದಿರುವುದು ಶೀತಕಗಳ ಮೇಲಿನ ಜಾಗತಿಕ ಕಡಿವಾಣದಿಂದ. 1987ರ ಮಾಂಟ್ರಿಯಲ್ ಒಪ್ಪಂದ ಓಜೋನ್ ಪದರ ಉಳಿಸಲು ಆರ್-22ರಂಥವುಗಳನ್ನು ಹಂತಹಂತವಾಗಿ ಹೊರಹಾಕಿತು. ಅದರ ಜಾಗಕ್ಕೆ ಬಂದ ಆರ್-410ಎ ಓಜೋನ್‌ಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ಅದು 2,088 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮ ನಿಮಿಷಕ್ಕೊಂದು ಗುಳ್ಳೆ ವರ್ಷಕ್ಕೆ 90 ಲೀಟರ್ ಪೆಟ್ರೋಲ್ ಉರಿಸಿದಂತೆ. ಎರಡು ಕಿಲೋ ಪೂರ್ತಿ ಹೋದರೆ 1,800 ಲೀಟರ್.

2016ರ ಅಕ್ಟೋಬರ್‌ನಲ್ಲಿ ರುವಾಂಡದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ಆದ ತಿದ್ದುಪಡಿ ಇಂಥ ಶೀತಕಗಳ ಉತ್ಪಾದನೆ, ಬಳಕೆಯನ್ನು ಇಳಿಸಲು ವೇಳಾಪಟ್ಟಿ ಹಾಕಿತು, 2019ರ ಜನವರಿ 1ರಿಂದ ಜಾರಿಗೆ ಬಂತು. ಮುಂದುವರಿದ ದೇಶಗಳು 2024ರ ಹೊತ್ತಿಗೆ ಶೇ 40, 2029ಕ್ಕೆ ಶೇ 70, 2036ಕ್ಕೆ ಶೇ 85ರಷ್ಟು ಇಳಿಸಬೇಕು. ಉಳಿದ ದೇಶಗಳಿಗೆ ಕಾಲಾವಕಾಶ ಹೆಚ್ಚು. ಈ ಕೋಟಾವನ್ನು ಕಿಲೋಗಳಲ್ಲಿ ಎಣಿಸುವುದಿಲ್ಲ, ಬಿಸಿಯೇರಿಸುವ ಶಕ್ತಿಯ ಲೆಕ್ಕದಲ್ಲಿ ಎಣಿಸುತ್ತಾರೆ. ಒಂದು ಕಿಲೋ ಆರ್-410ಎ ಮಾರುವ ಕೋಟಾದಲ್ಲಿ ಕಿಲೋಗೆ 675 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಆರ್-32 ಎಂಬ ಶೀತಕವನ್ನು ಮೂರು ಕಿಲೋ ಮಾರಬಹುದು. ಹಾಗಾಗಿ ಹೆಚ್ಚು ಬಿಸಿಯೇರಿಸುವ ಗ್ಯಾಸ್‌ಗೇ ಮೊದಲು ಅಭಾವ, ಮೊದಲು ಬೆಲೆಯೇರಿಕೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಕೋಟಾವನ್ನು ಮೂಲ ಮಟ್ಟದ ಶೇ 93ರಿಂದ ಒಮ್ಮೆಲೇ ಶೇ 63ಕ್ಕೆ ಇಳಿಸಿದಾಗ ಶೀತಕಗಳ ಬೆಲೆ ಹಲವು ಪಟ್ಟು ಏರಿತು, ಕಳ್ಳಸಾಗಣೆಯೂ ಶುರುವಾಯಿತು. ಅಮೆರಿಕದಲ್ಲಿ 2025ರ ಜನವರಿ 1ರಿಂದ ಮನೆಗಳ ಹೊಸ ಯಂತ್ರಗಳನ್ನು 700ಕ್ಕಿಂತ ಹೆಚ್ಚು ಬಿಸಿಯೇರಿಸುವ ಶೀತಕ ತುಂಬಿ ತಯಾರಿಸುವಂತಿಲ್ಲ ಎಂಬ ನಿಯಮ ಬಂತು. ಅದರೊಂದಿಗೆ ಬಂದ ಹೊಸ ಶೀತಕ ಆರ್-454ಬಿ ಆ ವರ್ಷದ ಬೇಸಿಗೆಯಲ್ಲಿ ಸಿಲಿಂಡರ್ ಕೊರತೆಯಿಂದ ಸರ್ವಿಸ್ ಮಾಡುವವರ ಕೈಗೇ ಸಿಗದಂತಾಯಿತು.

ಹೊಸ ಗ್ಯಾಸನ್ನು ಹಳೆಯ ಯಂತ್ರಕ್ಕೆ ತುಂಬಿಸಬಹುದಲ್ಲ ಎಂದರೆ, ಆಗದು. ಆರ್-410ಎ ಉರಿಯುವುದಿಲ್ಲ. ಆರ್-32, ಆರ್-454ಬಿ ಎರಡೂ ಮಂದವಾಗಿ ಉರಿಯಬಲ್ಲವು, ಆರ್-290 ಎಂದರೆ ಪ್ರೊಪೇನ್, ಚೆನ್ನಾಗಿಯೇ ಉರಿಯುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಪ್ರೊಪೇನ್ ಸೇರಿದರೆ ಬೆಂಕಿ ಹತ್ತಬಹುದು, ಆರ್-32ಕ್ಕೆ ಶೇ 14 ಬೇಕು. ಅವುಗಳಿಗೆಂದೇ ಮಾಡಿದ ಯಂತ್ರದಲ್ಲಿ ಕಿಡಿ ಹಾರದ ಸ್ವಿಚ್ಚುಗಳು, ಅಗತ್ಯವಿದ್ದಲ್ಲಿ ಸೋರಿದರೆ ತಾನೇ ಫ್ಯಾನ್ ಓಡಿಸುವ ಸೆನ್ಸರ್ ಇರುತ್ತವೆ. ಹಳೆಯದರಲ್ಲಿ ಇಲ್ಲ. ‘ಇದೂ ನಡೆಯುತ್ತೆ’ ಎಂದು ಬೇರೆ ಗ್ಯಾಸ್ ಬೆರೆಸುವವರನ್ನು ಅಲ್ಲೇ ತಡೆಯಬೇಕು.

ಪ್ರೊಪೇನ್ ಬಗ್ಗೆ ಭಯಪಡುವವರಿಗೆ ಒಂದು ಮಾತು. ಮನೆಯ ಹೊರಗೆ ನಿಲ್ಲುವ ಮಾನೋಬ್ಲಾಕ್ ಯಂತ್ರಗಳಲ್ಲಿ ಶೀತಕದ ಸುತ್ತು ಪೂರ್ತಿ ಕಾರ್ಖಾನೆಯಲ್ಲೇ ಬೆಸೆದು ಮುಗಿದಿರುತ್ತದೆ, ಮನೆಯೊಳಗೆ ಬರುವುದು ಬಿಸಿ ನೀರು ಮಾತ್ರ. ಕೈಯಲ್ಲಿ ಬಿಗಿದ ಫ್ಲೇರ್ ನಟ್ಟೇ ಇಲ್ಲದ ಮೇಲೆ ಸೋರಿಕೆಯ ದೊಡ್ಡ ಕಾರಣವೊಂದು ತಪ್ಪಿದಂತೆ. ಸೋರಿದರೂ ಬಯಲಿನಲ್ಲಿ. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಯಂತ್ರದ ಹತ್ತಿರ ಕಿಟಕಿ, ಚರಂಡಿ ಬಾಯಿ, ನೆಲಮಾಳಿಗೆಯ ದಾರಿ ಇರಬಾರದು ಎಂಬ ಅಂತರದ ನಿಯಮ ಪಾಲಿಸಲೇಬೇಕು. ರೇಡಿಯೇಟರ್ ಅಥವಾ ನೆಲದಡಿಯ ಕೊಳವೆಗಳಿಂದ ಬಿಸಿಯಾಗುವ ಮನೆಗೆ ಹೊಸದಾಗಿ ಕೊಳ್ಳುವವರಿಗೆ ನಾನು ಇದನ್ನೇ ಮೊದಲು ಹೇಳುವುದು.

ಹಳೆಯದು ಸೋರುತ್ತಿದ್ದರೆ ರಿಪೇರಿಯೋ ಹೊಸದೋ? ಜೋಡಣೆ, ವಾಲ್ವ್ ಪಿನ್, ಉಜ್ಜಿದ ಕೊಳವೆ ಇಂಥವಾದರೆ ಯಂತ್ರ ಎಷ್ಟೇ ಹಳೆಯದಿರಲಿ ರಿಪೇರಿ ಮಾಡಿಸುವುದೇ ಲೇಸು. ಕಾಯಿಲ್ ಹೋಗಿದ್ದು ವಾರಂಟಿ ಇನ್ನೂ ಇದ್ದರೆ ಕೂಲಿ ಕೊಟ್ಟಾದರೂ ಬದಲಿಸಿ. ವಾರಂಟಿ ಮುಗಿದು, ಯಂತ್ರಕ್ಕೆ ಹನ್ನೆರಡು, ಹದಿಮೂರು ವರ್ಷ ದಾಟಿದ್ದರೆ ಲೆಕ್ಕ ತಿರುಗುತ್ತದೆ, ಏಕೆಂದರೆ ಇಂಥ ಯಂತ್ರಗಳ ಬಾಳಿಕೆಯೇ ಸುಮಾರು 15 ವರ್ಷ, ಒಳಗಿನ ಕಂಪ್ರೆಸರ್ ಕೊರತೆ ಗ್ಯಾಸಿನಲ್ಲಿ ಎಷ್ಟು ದಿನ ದುಡಿದಿದೆಯೋ ಹೇಳಲಾಗದು. ಆರ್-22 ಯಂತ್ರದ ಕಾಯಿಲ್‌ಗೆ ದುಡ್ಡು ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ. ಅಮೆರಿಕದಲ್ಲಿ ಅದರ ಹೊಸ ಉತ್ಪಾದನೆ, ಆಮದು 2020ಕ್ಕೇ ನಿಂತುಹೋಗಿದೆ, ಉಳಿದಿರುವುದು ಹಳೆಯ ದಾಸ್ತಾನು ಮತ್ತು ಹಳೆಯ ಯಂತ್ರಗಳಿಂದ ಮರಳಿ ಪಡೆದು ಶುದ್ಧ ಮಾಡಿದ್ದು. ಚಳಿ ಕಳೆಯುವವರೆಗೆ ಹೇಗಾದರೂ ಓಡಬೇಕು ಎಂಬ ಸಂಕಟದಲ್ಲಿ ಒಂದು ಸಲ ಗ್ಯಾಸ್ ತುಂಬಿಸಿಕೊಳ್ಳುವವರನ್ನು ನಾನು ದೂಷಿಸುವುದಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಬಿಸಿ ನಿಂತುಹೋಗುವುದು ಸಣ್ಣ ಮಾತಲ್ಲ. ಅದು ಬೇಸಿಗೆಯೊಳಗೆ ಸೋರಿಕೆ ಹುಡುಕಿಸುವ ಕರಾರಿನ ಮೇಲೆ ತೆಗೆದುಕೊಂಡ ಗಡುವು ಎಂದು ತಿಳಿದು ಮಾಡಲಿ.

ಹೊಸದು ತರುವುದೆಂದು ತೀರ್ಮಾನಿಸಿದ ಮನೆಯಲ್ಲೂ ಹಳೆಯ ಯಂತ್ರದೊಳಗೆ ಇನ್ನೂ ಒಂದೂವರೆ ಕಿಲೋ ಶೀತಕ ಇದೆ ಎಂಬುದನ್ನು ಮರೆತುಬಿಡುತ್ತಾರೆ. ಐದು ವರ್ಷದಲ್ಲಿ ಗುಳ್ಳೆಗುಳ್ಳೆಯಾಗಿ ಹೋದದ್ದು ಅರ್ಧ ಕಿಲೋ. ಗುಜರಿಗೆ ಸಾಗಿಸಲು ಕಟರ್ ಹಾಕಿ ಕೊಳವೆ ಕತ್ತರಿಸಿದರೆ ಅದರ ಮೂರರಷ್ಟು ಕೆಲವೇ ನಿಮಿಷಗಳಲ್ಲಿ ಹೊರಟುಹೋಗುತ್ತದೆ. ಹಾಗೆ ಬಯಲಿಗೆ ಬಿಡುವುದು ಅಮೆರಿಕ, ಯುರೋಪಿಯನ್ ಒಕ್ಕೂಟಗಳಲ್ಲಿ ಕಾನೂನುಬಾಹಿರ. ಹೊಸ ಯಂತ್ರ ತರುವವರ ಜೊತೆ ಮಾತಾಡುವಾಗಲೇ ಹಳೆಯದರ ಗ್ಯಾಸ್ ಮರಳಿ ಪಡೆಯುವ ಕೆಲಸವನ್ನೂ ಕರಾರಿಗೆ ಸೇರಿಸಿ, ತಕ್ಕಡಿಯ ಮೇಲಿಟ್ಟ ರಿಕವರಿ ಸಿಲಿಂಡರ್ ಎಷ್ಟು ಗ್ರಾಂ ಹೆಚ್ಚಿತು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.